ಮೈಲುತುತ್ತ, ಮಿದುಳು, ಮರೆವು

ಈಚೆಗೆ ಸಂಘದ ಮಳಿಗೆಗೆ ಮೈಲುತುತ್ತ ಕೊಳ್ಳಲು ಬರುವ ಸದಸ್ಯರು ಒಂದು ಹೊಸ ಪ್ರಶ್ನೆ ಕೇಳತೊಡಗಿದ್ದಾರೆ. ತಾಮ್ರ ಮಿದುಳಿಗೆ ಏರುತ್ತದಂತೆ, ಮುಪ್ಪಿನ ಮರೆವಿಗೆ ಅದೇ ಮೂಲವಂತೆ, ಹೌದೆ? ಕೇಳುವವರಲ್ಲಿ ಅಡಿಕೆಯವರೂ ಇದ್ದಾರೆ, ಕಾಫಿಯವರೂ ಇದ್ದಾರೆ. ಒಂದು ಮನೆಯಲ್ಲಿ ಮಗ ಮೊಬೈಲಿಗೆ ಬಂದ ಸುದ್ದಿಯೊಂದನ್ನು ತೋರಿಸಿ ಈ ವರ್ಷ ಬೋರ್ಡೋ ದ್ರಾವಣವೇ ಬೇಡವೆಂದು ತಂದೆಯನ್ನು ತಡೆದಿದ್ದಾನೆ. ಇನ್ನೊಂದು ಮನೆಯಲ್ಲಿ ಯಜಮಾನರಿಗೆ ಎರಡು ವರ್ಷದಿಂದ ಮರೆವು. ಮೂವತ್ತು ವರ್ಷ ಔಷಧಿ ಹೊಡೆದ ಫಲ, ಇನ್ನೇನು ಮಾಡುವುದು ಎಂದು ಮನೆಯವರು ಒಬ್ಬ ವೈದ್ಯರಿಗೂ ತೋರಿಸದೆ ಅವರನ್ನು ಜಗುಲಿಯ ಮೇಲೆ ಕೂರಿಸಿದ್ದಾರೆ.

ಮೊದಲನೆಯ ಮನೆಯವರು ಕಳೆದುಕೊಳ್ಳುವುದು ಒಂದು ವರ್ಷದ ಫಸಲು. ಎರಡನೆಯ ಮನೆಯವರು ಕಳೆದುಕೊಳ್ಳುತ್ತಿರುವುದು ಒಬ್ಬ ಮನುಷ್ಯನನ್ನು. ಎರಡೂ ತಪ್ಪು, ಎರಡನೆಯದು ದೊಡ್ಡ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ತಾಮ್ರದ ಮಾತೆಲ್ಲ ಹುರುಳಿಲ್ಲದ ಗಾಳಿಮಾತು ಎಂದು ನಾವು ಹೇಳುವುದಿಲ್ಲ. ಮುಪ್ಪಿನ ಮಿದುಳಿನಲ್ಲಿ ಲೋಹಗಳ ಲೆಕ್ಕ ಏರುಪೇರಾಗುವುದು ನಿಜ. ಅದನ್ನು ಅಳೆದು ತೋರಿಸಿದವರಲ್ಲಿ ನಮ್ಮ ಮೈಸೂರಿನವರೇ ಇದ್ದಾರೆ. ಮೊದಲು ಅದನ್ನೇ ತಿಳಿಸುತ್ತೇವೆ.

ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಕೇಂದ್ರೀಯ ಆಹಾರ ಸಂಶೋಧನಾಲಯವನ್ನು, ಅಂದರೆ ಸಿ.ಎಫ್.ಟಿ.ಆರ್.ಐ.ಯನ್ನು, ನಮ್ಮಲ್ಲಿ ಬಹುಮಂದಿ ಬಲ್ಲರು. ಅಲ್ಲಿ ಡಾ|| ಕೆ.ಎಸ್. ಜಗನ್ನಾಥ ರಾವ್ ಅವರು ಬಹುಕಾಲ ಮಿದುಳಿನಲ್ಲಿರುವ ಲೋಹಗಳ ಮೇಲೆ ಕೆಲಸ ಮಾಡಿದರು. ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಮನೋವೈದ್ಯರಾದ ಡಾ|| ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಇತರರು ಅವರೊಡನೆ ಸೇರಿ ೨೦೧೦ರಲ್ಲಿ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ತೀರಿಕೊಂಡವರ ಮಿದುಳುಗಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡಿ, ನೆನಪಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಎಂಬ ಭಾಗವನ್ನೂ ಹಣೆಯ ಹಿಂದಿನ ಭಾಗವನ್ನೂ ಪರೀಕ್ಷಿಸಿದರು. ವಯಸ್ಸು ಏರಿದಂತೆ ಕಬ್ಬಿಣ ಮತ್ತು ತಾಮ್ರ ಏರಿದ್ದವು, ಸತು ಇಳಿದಿತ್ತು. ಜೀವಕೋಶದೊಳಗಿನ ಡಿ.ಎನ್.ಎ. ಎಂಬ ವಂಶತಂತು ವಯಸ್ಸಾದವರಲ್ಲಿ ಹೆಚ್ಚು ತುಂಡಾಗಿತ್ತು, ಆ ಹಾನಿಗೂ ಲೋಹಗಳ ಏರಿಳಿತಕ್ಕೂ ಹೊಂದಾಣಿಕೆ ಕಂಡಿತು.

ಕಬ್ಬಿಣ ಮತ್ತು ತಾಮ್ರ ದೇಹಕ್ಕೆ ಬೇಕೇ ಬೇಕು. ಕಬ್ಬಿಣವಿಲ್ಲದೆ ರಕ್ತವಿಲ್ಲ, ತಾಮ್ರವಿಲ್ಲದೆ ಜೀವಕೋಶ ಉಸಿರಾಡುವುದಿಲ್ಲ. ಆದರೆ ಈ ಎರಡೂ ಹಿಡಿತ ತಪ್ಪಿದರೆ ಆಮ್ಲಜನಕದೊಡನೆ ಸೇರಿ ಸುತ್ತಲಿನದನ್ನು ಸುಡುವ ವಸ್ತುಗಳನ್ನು ಹುಟ್ಟಿಸುತ್ತವೆ. ಗುದ್ದಲಿಗೆ ತುಕ್ಕು ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ದೇಹವು ಇವನ್ನು ಬಿಡಿಯಾಗಿ ಅಲೆಯಲು ಬಿಡುವುದಿಲ್ಲ, ಪ್ರತಿಯೊಂದಕ್ಕೂ ಹೊತ್ತು ನಡೆಯುವ ಒಂದು ಪ್ರೋಟೀನು ಉಂಟು. ಮುಪ್ಪಿನಲ್ಲಿ ಈ ಹೊರುವ ವ್ಯವಸ್ಥೆ ಸಡಿಲವಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಸದಸ್ಯರು ಚೆನ್ನಾಗಿ ಗಮನಿಸಬೇಕು. ಮೈಸೂರಿನವರು ಅಳೆದದ್ದು ಸಾಮಾನ್ಯವಾಗಿ ಮುಪ್ಪಾದವರ ಮಿದುಳುಗಳನ್ನು, ಮರೆಗುಳಿ ಕಾಯಿಲೆಯವರ ಮಿದುಳುಗಳನ್ನಲ್ಲ. ೧೯೫೮ರಷ್ಟು ಹಿಂದೆಯೇ ಸ್ವೀಡನ್ನಿನ ಹಾಲ್‌ಗ್ರೆನ್ ಮತ್ತು ಸೌರಾಂಡರ್ ಎಂಬಿಬ್ಬರು ಮಿದುಳಿನ ಕೆಲವು ಭಾಗಗಳಲ್ಲಿ ಕಬ್ಬಿಣವು ಹುಟ್ಟಿದಂದಿನಿಂದ ಏರುತ್ತಲೇ ಹೋಗುವುದನ್ನು ತೋರಿಸಿದ್ದರು. ಅದೂ ಕಾಯಿಲೆಯಲ್ಲ. ತಲೆಗೂದಲು ನೆರೆಯುವಂತೆ ಅದು ವಯಸ್ಸಿನ ಒಂದು ಗುರುತು. ಲೋಹ ಏರುವುದು ಒಂದು ಸಂಗತಿ, ಆ ಏರಿಕೆಯೇ ಮರೆವನ್ನು ತಂದಿತೆನ್ನುವುದು ಇನ್ನೊಂದು ಸಂಗತಿ. ಮೊಬೈಲಿನ ಸುದ್ದಿಗಳು ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತವೆ.

ತಾಮ್ರ ಮಿದುಳನ್ನು ಕೆಡಿಸಬಲ್ಲದೆ ಎಂದು ಕೇಳಿದರೆ ಉತ್ತರ, ಕೆಡಿಸಬಲ್ಲದು. ೧೯೧೨ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯರು ವಿವರಿಸಿದ, ಅವರ ಹೆಸರಿನಿಂದಲೇ ಕರೆಯುವ ಕಾಯಿಲೆ ಇದಕ್ಕೆ ಸಾಕ್ಷಿ. ನಾವು ತಿನ್ನುವ ಆಹಾರದಲ್ಲಿ ಬಂದ ಹೆಚ್ಚಿನ ತಾಮ್ರವನ್ನು ಪಿತ್ತಜನಕಾಂಗವು ಪಿತ್ತರಸದ ಮೂಲಕ ಹೊರಹಾಕುತ್ತದೆ. ವಿಲ್ಸನ್ ಕಾಯಿಲೆಯವರಲ್ಲಿ ಈ ತೂಬು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ತಾಮ್ರ ಮೊದಲು ಪಿತ್ತಜನಕಾಂಗದಲ್ಲಿ, ಆಮೇಲೆ ಮಿದುಳಿನಲ್ಲಿ ಕೂಡುತ್ತದೆ. ಕೈ ನಡುಗುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಚೆನ್ನಾಗಿ ಓದುತ್ತಿದ್ದ ಹುಡುಗ ಹಿಂದೆ ಬೀಳುತ್ತಾನೆ, ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರ ಕಟ್ಟುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ|| ಎ.ಬಿ. ತಲ್ಲಿ ಮತ್ತು ಸಂಗಡಿಗರು ಮೂರು ದಶಕಗಳಲ್ಲಿ ತಾವು ನೋಡಿದ ೨೮೨ ಇಂಥ ರೋಗಿಗಳ ವಿವರವನ್ನು ೨೦೦೭ರಲ್ಲಿ ಪ್ರಕಟಿಸಿದ್ದಾರೆ. ಇದು ಮುದುಕರ ಕಾಯಿಲೆಯಲ್ಲ, ಹೆಚ್ಚಾಗಿ ಮಕ್ಕಳು ಮತ್ತು ಹರೆಯದವರ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸುವಂಥದು. ಸೋದರಮಾವ, ಅತ್ತೆಮಗಳು ಎಂದು ಒಳಗೊಳಗೇ ಮದುವೆ ಮಾಡುವ ನಮ್ಮ ಕಡೆ ಇದರ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ೧೯೫೬ರಿಂದ ಇದಕ್ಕೆ ಮದ್ದಿದೆ. ಬೇಗ ಗುರುತಿಸಿದರೆ ಮಕ್ಕಳು ಉಳಿಯುತ್ತಾರೆ. ದೆವ್ವ ಹಿಡಿಯಿತೆಂದು ತಿರುಗುವುದರಲ್ಲಿ ವರ್ಷ ಕಳೆಯಬಾರದು.

ಆದರೆ ವಿಲ್ಸನ್ ಕಾಯಿಲೆ ನಮಗೆ ಕಲಿಸುವ ಪಾಠವನ್ನು ಸರಿಯಾಗಿ ಓದಬೇಕು. ಅಲ್ಲಿ ಕೆಟ್ಟದ್ದು ತೂಬು, ಹರಿದು ಬಂದ ನೀರಲ್ಲ. ತೂಬು ಸರಿಯಾಗಿರುವ ಮನುಷ್ಯ ತಿಂದ ಹೆಚ್ಚಿನ ತಾಮ್ರವನ್ನು ದಿನದಿನವೂ ಹೊರಹಾಕುತ್ತಲೇ ಇರುತ್ತಾನೆ.

ಈಗ ನಮ್ಮ ಡ್ರಮ್ಮಿನ ವಿಷಯ. ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ದಾರಿಬದಿಯ ಹಣ್ಣನ್ನು ಕದಿಯದಿರಲೆಂದು ಅಲ್ಲಿಯ ರೈತರು ಬಳ್ಳಿಗೆ ಮೈಲುತುತ್ತ ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ತಾಗದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ ೧೮೮೫ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಅಡಿಕೆಗೆ ಅದನ್ನು ತಂದ ಕೀರ್ತಿ ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯನ್ನು ಕಟ್ಟಿದ ಡಾ|| ಲೆಸ್ಲಿ ಕೋಲ್ಮನ್ ಅವರದು. ೧೯೧೦ರಲ್ಲಿ ಅವರು ಕೊಳೆರೋಗದ ಮೇಲೆ ಬರೆದ ಪುಸ್ತಿಕೆ ಇಂದಿಗೂ ಹಳತಾಗಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಅವರ ಕಾಲದ್ದೇ. ನೂರು ವರ್ಷಕ್ಕೂ ಮೇಲ್ಪಟ್ಟು ನಮ್ಮನ್ನು ಕಾಪಾಡಿದ ಈ ನೀಲಿ ನೀರನ್ನು ಒಂದು ಸುದ್ದಿಯ ತುಣುಕು ನೋಡಿ ಬಿಡುವುದು ವಿವೇಕವಲ್ಲ.

ಆದರೂ ಒಂದು ಲೆಕ್ಕ ನೋಡಿರಿ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು ೨೫೦ ಗ್ರಾಂ ತಾಮ್ರವಿದೆ. ಅಡಿಕೆಗೆ ನೂರಕ್ಕೆ ಒಂದರಂತೆ ಬೆರೆಸಿದ ೨೦೦ ಲೀಟರಿನ ಒಂದು ಡ್ರಮ್ಮಿನಲ್ಲಿ ೨ ಕಿಲೋ ಮೈಲುತುತ್ತ, ಅಂದರೆ ಅರ್ಧ ಕಿಲೋ ತಾಮ್ರ. ಬೆಳೆದ ಮನುಷ್ಯನೊಬ್ಬನ ಮೈಯಲ್ಲಿ ಒಟ್ಟು ಇರುವ ತಾಮ್ರ ಸುಮಾರು ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಮಾತ್ರ. ಒಂದು ಡ್ರಮ್ಮಿನಲ್ಲಿ ಐದು ಸಾವಿರ ಜನರ ಮೈಯಲ್ಲಿರುವಷ್ಟು ತಾಮ್ರವನ್ನು ನಾವು ಕಲಕುತ್ತೇವೆ. ಬರಿಗೈಯಲ್ಲಿ ಕಲಕುವವರೂ ಇದ್ದಾರೆ.

ಇದರಿಂದ ಹಾನಿ ಇಲ್ಲವೆಂದಲ್ಲ. ಹಾನಿ ಎಲ್ಲಿ ಎಂಬುದು ಪ್ರಶ್ನೆ. ೧೯೬೯ರಲ್ಲಿ ಪೋರ್ಚುಗಲ್ಲಿನ ವೈದ್ಯರು ವರ್ಷಗಟ್ಟಲೆ ಬೋರ್ಡೋ ಹೊಡೆದ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಕೂಡಿದ್ದನ್ನೂ ಶ್ವಾಸಕೋಶ ಗಂಟುಗಟ್ಟಿದ್ದನ್ನೂ ಕಂಡು ಅದಕ್ಕೆ ಔಷಧಿ ಹೊಡೆಯುವವರ ಶ್ವಾಸಕೋಶ ರೋಗವೆಂದೇ ಹೆಸರಿಟ್ಟರು. ಉಸಿರಿನಲ್ಲಿ ಹೋದ ತಾಮ್ರ ಮೊದಲು ಶ್ವಾಸಕೋಶಕ್ಕೆ, ಬಿದ್ದ ಹನಿ ಕಣ್ಣಿಗೆ, ಸೋರಿದ ನೀರು ಚರ್ಮಕ್ಕೆ ಕೆಡುಕು ಮಾಡುತ್ತದೆ. ಬಾಯಿಗೆ ಹೋದರಂತೂ ಮೈಲುತುತ್ತ ನೇರ ವಿಷ. ಅದನ್ನು ಕುಡಿಯುವ ಬಾಟಲಿಯಲ್ಲಿ ಕಲಸಿಡುವುದನ್ನು ಇನ್ನಾದರೂ ನಿಲ್ಲಿಸಬೇಕು.

ಮಿದುಳಿನ ಮಟ್ಟಿಗೆ ನಮಗೆ ಹತ್ತಿರದ ಸಾಕ್ಷ್ಯ ದೊರೆಯುವುದೂ ಬೋರ್ಡೋ ಸೀಮೆಯಿಂದಲೇ. ಅಲ್ಲಿಯ ದ್ರಾಕ್ಷಿ ತೋಟಗಳ ೯೨೯ ಕೆಲಸಗಾರರನ್ನು ೧೯೯೦ರ ದಶಕದ ಕೊನೆಯಲ್ಲಿ ಪರೀಕ್ಷಿಸಿ, ಕೆಲವು ವರ್ಷಗಳ ನಂತರ ಅವರಲ್ಲಿ ಸಿಕ್ಕವರನ್ನು ಮತ್ತೆ ಪರೀಕ್ಷಿಸಿದರು. ಕೀಟನಾಶಕ, ಶಿಲೀಂಧ್ರನಾಶಕಗಳ ಸಂಪರ್ಕ ಹೆಚ್ಚಿದ್ದವರು ನೆನಪು, ಗಮನ, ಚುರುಕಿನ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಇದು ಲಘುವಾಗಿ ತೆಗೆದುಕೊಳ್ಳುವ ಮಾತಲ್ಲ. ಆದರೆ ಅವರು ಹೊಡೆದದ್ದು ತಾಮ್ರವೊಂದನ್ನೇ ಅಲ್ಲ. ನರಕ್ಕೆ ತಾಗುವಂಥ ಹತ್ತಾರು ಬಗೆಯ ಔಷಧಿಗಳೂ ಅದರಲ್ಲಿದ್ದವು. ಕಾಫಿಗೆ, ಶುಂಠಿಗೆ, ಹೊಗೆಸೊಪ್ಪಿಗೆ ನಾವೂ ಅಂಥವನ್ನು ಹೊಡೆಯುತ್ತೇವೆ. ಆದ್ದರಿಂದ ಎಲ್ಲ ಆರೋಪವನ್ನೂ ಮೈಲುತುತ್ತದ ತಲೆಗೆ ಕಟ್ಟಿ ಉಳಿದ ಡಬ್ಬಿಗಳನ್ನು ಮೂಗಿಗೆ ಬಟ್ಟೆಯೂ ಇಲ್ಲದೆ ಬಿಚ್ಚುವುದು ಎಂಥ ನ್ಯಾಯ? ನಾವು ಧಾರಾಳವಾಗಿ ಬಳಸುವ ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಇದೆ. ಮ್ಯಾಂಗನೀಸಿನ ಧೂಳನ್ನು ಹೆಚ್ಚಾಗಿ ಉಸಿರಾಡಿದ ಕಾರ್ಖಾನೆಯವರಿಗೆ ನಡಿಗೆ ತಪ್ಪಿ ಮೈ ಬಿಗಿಯುವುದನ್ನು ೧೮೩೭ರಲ್ಲೇ ಸ್ಕಾಟ್ಲೆಂಡಿನಲ್ಲಿ ಬರೆದಿಟ್ಟಿದ್ದಾರೆ.

ಇನ್ನೊಂದು ವಿಷಯವನ್ನು ತೋಟದವರಾಗಿ ನಾವೇ ಹೇಳಬೇಕು. ಹಿಂದೆ ಮರ ಹತ್ತಿದವನು ಗೊನೆಯ ಮಟ್ಟದಲ್ಲಿ ಕುಳಿತು ಹೊಡೆಯುತ್ತಿದ್ದ. ಈಗ ಉದ್ದನೆಯ ದೋಟಿ ಬಂದಿದೆ. ಬೀಳುವ ಅಪಾಯ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ದೋಟಿ ಹಿಡಿದವನು ಕೆಳಗೆ ನಿಂತು ಮುಖ ಮೇಲೆತ್ತಿ ನೋಡುತ್ತಾನೆ, ಮೇಲಿನಿಂದ ಉದುರುವ ಹನಿಯೆಲ್ಲ ಅವನ ಕಣ್ಣಿಗೆ ಮೂಗಿಗೆ. ಅಗಲ ಅಂಚಿನ ಟೋಪಿ, ಕಣ್ಣಿಗೆ ಕನ್ನಡಕ, ಮುಖಕ್ಕೆ ಮುಸುಕು ಅವನಿಗೆ ಹಿಂದಿಗಿಂತ ಈಗಲೇ ಹೆಚ್ಚು ಅಗತ್ಯ. ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು. ಬೆರೆಸುವಾಗ ಸುಣ್ಣ ಸಾಲದೆ ಹೋದರೆ ಬಿಡಿ ತಾಮ್ರ ಉಳಿದು ಎಳೆಗಾಯಿಯನ್ನೂ ಸುಡುತ್ತದೆ, ಚರ್ಮವನ್ನೂ ಸುಡುತ್ತದೆ. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣದ ತಿಳಿ ಹಾಕಿರಿ. ಇದೆಲ್ಲ ಹಿರಿಯರಿಗೆ ಗೊತ್ತು. ಮಾಡುವವರು ಕಡಿಮೆ. ಬೀಡಿ ಸೇದುತ್ತ ಕಲಕುವವರಿಗೆ ಏನೆನ್ನೋಣ!

ಇನ್ನು ಅಲ್ಯೂಮಿನಿಯಂ ಪಾತ್ರೆಯ ಹೆದರಿಕೆ. ಇದು ತಾಮ್ರದ ಹೆದರಿಕೆಗಿಂತ ಹಳೆಯದು, ಇದರ ಕಥೆಯಿಂದ ಕಲಿಯುವುದಿದೆ. ೧೯೬೫ರಲ್ಲಿ ಅಮೆರಿಕದಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದಾಗ ಅಲ್ಲಿ ನಾರಿನ ಗಂಟುಗಳು ಹುಟ್ಟಿದವು. ಜರ್ಮನಿಯ ಆಲ್ಜೈಮರ್ ಎಂಬ ವೈದ್ಯರು ೧೯೦೬ರಲ್ಲಿ ಮರೆವಿನ ಕಾಯಿಲೆಯ ಹೆಂಗಸೊಬ್ಬಳ ಮಿದುಳಿನಲ್ಲಿ ಕಂಡದ್ದೂ ಗಂಟುಗಳನ್ನೇ. ೧೯೭೩ರಲ್ಲಿ ಕೆನಡದವರು ಆಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದೆಯೆಂದರು. ೧೯೭೬ರಲ್ಲಿ ಮೂತ್ರಪಿಂಡ ಕೆಟ್ಟು ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತಿದ್ದವರಿಗೆ ಬುದ್ಧಿ ಕೆಡುವುದು ನೀರಿನಲ್ಲಿದ್ದ ಅಲ್ಯೂಮಿನಿಯಂನಿಂದ ಎಂದು ಬೆಳಕಿಗೆ ಬಂತು. ಅಷ್ಟು ಸಾಕಾಯಿತು, ಮನೆಮನೆಯಲ್ಲೂ ಪಾತ್ರೆ ಹೊರಗೆ ಹೋಯಿತು. ಆಮೇಲೆ ನಿಧಾನವಾಗಿ ತಿಳಿದದ್ದೆಂದರೆ, ಮೊಲದ ಗಂಟುಗಳೂ ಮನುಷ್ಯರ ಗಂಟುಗಳೂ ಬೇರೆ ಬೇರೆ ಬಗೆಯವು. ರಕ್ತ ಶುದ್ಧಿಯವರ ಕಾಯಿಲೆ ಆಲ್ಜೈಮರ್ ಅಲ್ಲ, ನೀರನ್ನು ಶುದ್ಧಮಾಡಿದ ಮೇಲೆ ಅದು ಬಹಳಮಟ್ಟಿಗೆ ಮರೆಯಾಯಿತು. ಅಡಿಗೆಯ ಪಾತ್ರೆಯಿಂದ ಆಲ್ಜೈಮರ್ ಬರುತ್ತದೆಂಬುದು ಸಾಬೀತಾಗಲಿಲ್ಲ. ಹುಣಿಸೆಹುಳಿಯ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯೆಲ್ಲ ಇಡಬಾರದು, ಹುಳಿ ಲೋಹವನ್ನು ಕರಗಿಸುತ್ತದೆ, ರುಚಿಯೂ ಕೆಡುತ್ತದೆ. ಅಷ್ಟು ಸಾಕು.

ಆಲ್ಜೈಮರ್ ರೋಗಿಗಳ ಮಿದುಳಿನಲ್ಲಿ ತಾಮ್ರದ ಕಥೆ ಇನ್ನೂ ವಿಚಿತ್ರ. ಅನೇಕ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಅವರ ಮಿದುಳಿನಲ್ಲಿ ತಾಮ್ರ ಹೆಚ್ಚಲ್ಲ, ಕಡಿಮೆ ಎಂದು ತೋರಿಬಂದಿದೆ! ಆದರೆ ಕಾಯಿಲೆಯ ಗುರುತಾದ ಅಂಟುಗಡ್ಡೆಗಳೊಳಗೆ ತಾಮ್ರ, ಸತು, ಕಬ್ಬಿಣ ಗುಂಪುಗೂಡಿರುತ್ತವೆ. ತೋಟದ ಭಾಷೆಯಲ್ಲಿ ಹೇಳುವುದಾದರೆ ನಾಲೆಗೆ ಬಿಟ್ಟ ನೀರು ಹೆಚ್ಚಾಗಿಲ್ಲ. ಒಡ್ಡು ಒಡೆದು ಒಂದು ಮಡಿಯಲ್ಲಿ ನಿಂತು ಬೇರು ಕೊಳೆಸುತ್ತಿದೆ, ಪಕ್ಕದ ಮಡಿ ಒಣಗುತ್ತಿದೆ. ಇಂಥ ತೋಟದಲ್ಲಿ ನಾಲೆಯನ್ನೇ ಮುಚ್ಚಿಬಿಟ್ಟರೆ ಏನಾದೀತು?

ಏನಾಗುತ್ತದೆಂದು ನೋಡಿದವರಿದ್ದಾರೆ. ರಕ್ತದ ಬೇರೊಂದು ಕಾಯಿಲೆಯಲ್ಲಿ ಹೆಚ್ಚಿನ ಕಬ್ಬಿಣವನ್ನು ತೆಗೆಯಲು ಕೊಡುವ ಡಿಫೆರಿಪ್ರೋನ್ ಎಂಬ ಗುಳಿಗೆಯನ್ನು ಪಾರ್ಕಿನ್ಸನ್ ಕಾಯಿಲೆಯ ೩೭೨ ಮಂದಿಯಲ್ಲಿ ಪ್ರಯೋಗಿಸಿ ೨೦೨೨ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಳಿಗೆ ತಿಂದವರ ಸ್ಥಿತಿ ತಿನ್ನದವರಿಗಿಂತ ಕೆಟ್ಟಿತು. ಆಲ್ಜೈಮರಿನ ಆರಂಭದಲ್ಲಿದ್ದ ೮೧ ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲ ೨೦೨೪ರಲ್ಲಿ ಬಂತು. ನೆನಪಿನ ಭಾಗದಲ್ಲಿ ಕಬ್ಬಿಣವೇನೋ ಇಳಿಯಿತು, ನೆನಪು ಮಾತ್ರ ಇನ್ನೂ ಬೇಗ ಕುಸಿಯಿತು. ಲೋಹವನ್ನು ಕಿತ್ತರೆ ಮರೆವು ಹೋಗುತ್ತದೆಂಬ ಸರಳ ಲೆಕ್ಕ ತಪ್ಪೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಮೈಯಲ್ಲಿರುವ ಲೋಹದ ವಿಷ ತೆಗೆಯುತ್ತೇವೆ, ಗ್ಲೂಕೋಸ್ ಬಾಟಲಿಯಂತೆ ಒಂದು ಔಷಧಿ ಏರಿಸುತ್ತೇವೆ, ಹತ್ತು ಸಲ ಬಂದರೆ ಅಪ್ಪನಿಗೆ ಮರೆವು ಹೋಗುತ್ತದೆ ಎಂದು ಹೇಳಿ ಹಣ ಕೀಳುವವರು ಪಟ್ಟಣಗಳಲ್ಲಿ ಹುಟ್ಟಿಕೊಂಡಿದ್ದಾರೆ. ತಲೆಗೂದಲು ಕಳಿಸಿ, ಮಿದುಳಿನ ಲೋಹ ಎಷ್ಟಿದೆಯೆಂದು ಹೇಳುತ್ತೇವೆ ಎನ್ನುವವರೂ ಇದ್ದಾರೆ. ಕೂದಲು ನೋಡಿ ಮಿದುಳಿನ ತಾಮ್ರ ಹೇಳಲು ಬಾರದು. ವಿಲ್ಸನ್ ಕಾಯಿಲೆ, ಸೀಸದ ವಿಷ ಇಂಥವಕ್ಕೆ ಸರಿಯಾದ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆಗಳಿವೆ. ಮಿದುಳಿನೊಳಗಿನ ಲೋಹವನ್ನು ನೇರವಾಗಿ ಅಳೆಯುವುದು ತೀರಿಕೊಂಡ ಮೇಲೆ ದಾನವಾಗಿ ಬಂದ ಮಿದುಳಿನಲ್ಲಿ. ಅದಕ್ಕೆಂದೇ ನಿಮ್ಹಾನ್ಸ್‌ನಲ್ಲಿ ಡಾ|| ಎಸ್.ಕೆ. ಶಂಕರ್ ಅವರ ಪ್ರಯತ್ನದಿಂದ ೧೯೯೫ರಲ್ಲಿ ಮಿದುಳು ನಿಧಿಯೊಂದು ಆರಂಭವಾಯಿತು. ತೋಟ ಅಡವಿಟ್ಟು ಇಂಥ ಚಿಕಿತ್ಸೆಗೆ ಸಾಲ ಕೇಳಿಬರುವವರಿಗೆ ನಾವು ಮೊದಲು ಈ ಮಾತನ್ನೇ ಹೇಳುತ್ತೇವೆ.

ಹೆಂಗಸರಿಗೂ ಒಂದು ಮಾತು. ಕಬ್ಬಿಣ ಮಿದುಳಿಗೆ ಕೆಟ್ಟದ್ದೆಂದು ಕೇಳಿ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಬಚ್ಚಲಿಗೆ ಎಸೆಯಬಾರದು. ರಕ್ತ ಕಡಿಮೆಯಾದ ಬಸುರಿಗೆ, ಬೆಳೆಯುವ ಹುಡುಗಿಗೆ ಕಬ್ಬಿಣ ಬೇಕು. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಕಟ್ಟುವುದಕ್ಕೂ ಅದೇ ಬೇಕು. ಸತು ಇಳಿಯುತ್ತದಂತೆ ಎಂದು ಸತುವಿನ ಗುಳಿಗೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದೂ ಸಲ್ಲದು. ಸತು ಮಿತಿಮೀರಿದರೆ ತಾಮ್ರ ಬರಿದಾಗಿ ಬೆನ್ನುಹುರಿಗೇ ಪೆಟ್ಟು ಬೀಳುತ್ತದೆ. ಕಡಲೆ, ಅವರೆ, ಎಳ್ಳು, ತಿನ್ನುವವರಿಗೆ ಮಾಂಸ, ಇಷ್ಟರಲ್ಲಿ ಸಿಗುವುದು ಸಾಕು. ತಾಮ್ರದ ಚೊಂಬಿನ ನೀರಿನ ಬಗ್ಗೆಯೂ ಕೇಳುತ್ತಾರೆ. ಬೆಂಗಳೂರಿನ ಆಯುರ್ವೇದ ಸಂಶೋಧಕರು ೨೦೧೨ರಲ್ಲಿ ತಾಮ್ರದ ಪಾತ್ರೆಯಲ್ಲಿ ೧೬ ಗಂಟೆ ಇಟ್ಟ ನೀರಿನಲ್ಲಿ ಭೇದಿಯ ರೋಗಾಣುಗಳು ಸತ್ತದ್ದನ್ನೂ ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇದ್ದುದನ್ನೂ ತೋರಿಸಿದ್ದಾರೆ. ನೀರು ಇಡಬಹುದು. ಮಜ್ಜಿಗೆ, ನಿಂಬೆ ಪಾನಕ ಇಡಬಾರದು.

ಹೆದರಲೇಬೇಕಾದ ಲೋಹಗಳೂ ಇವೆ. ಸೀಸ ಅದರಲ್ಲಿ ಮೊದಲನೆಯದು. ಮಕ್ಕಳ ಬುದ್ಧಿಯನ್ನು ಅದು ಕುಗ್ಗಿಸುವುದರಲ್ಲಿ ಸಂದೇಹವಿಲ್ಲ, ದೊಡ್ಡವರ ರಕ್ತದೊತ್ತಡವನ್ನೂ ಏರಿಸುತ್ತದೆ. ಹಳೆಯ ಬ್ಯಾಟರಿ ಒಡೆದು ಕರಗಿಸುವ ಕೆಲಸವನ್ನು ಮನೆಯ ಹಿತ್ತಿಲಲ್ಲಿ ಮಾಡಬೇಡಿ. ಕಲಾಯಿಯ ತವರದಲ್ಲಿ ಸೀಸ ಬೆರೆತಿಲ್ಲವೆಂದು ವಿಚಾರಿಸಿಕೊಳ್ಳಿ. ಇನ್ನೊಂದು ಕ್ಯಾಡ್ಮಿಯಂ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ನಾವು ಇದರ ಹೆಸರು ತಿಳಿದಿರಬೇಕು. ಹೊಗೆಸೊಪ್ಪಿನ ಗಿಡ ಮಣ್ಣಿನ ಕ್ಯಾಡ್ಮಿಯಂ ಅನ್ನು ಎಲೆಗೆ ಎಳೆದುಕೊಳ್ಳುವುದರಲ್ಲಿ ಬಲು ಚುರುಕು, ಸೇದುವವನ ಮೈಯಲ್ಲಿ ಅದು ಸೇದದವನಿಗಿಂತ ಹೆಚ್ಚು. ಕಂಪಲಾಪುರದ ಹರಾಜು ಕಟ್ಟೆಗೆ ಸೊಪ್ಪು ಕಳಿಸಿಯೇ ಅಡಿಕೆ ಸಸಿ ನೆಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ಬೆಳೆಯುವುದನ್ನು ಕುರಿತು ಇಲ್ಲಿ ಚರ್ಚೆ ಬೇಡ, ಸೇದುವುದನ್ನು ಕುರಿತು ಮಾತ್ರ ಹೇಳುತ್ತೇವೆ. ಸೇದುವುದು ಲೋಹದಿಂದಲೋ ಹೊಗೆಯಿಂದಲೋ ಅಂತೂ ಮಿದುಳಿನ ರಕ್ತನಾಳವನ್ನು ಕೆಡಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಮಂಡಲಿ ೨೦೨೪ರಲ್ಲಿ, ಮನುಷ್ಯ ಪ್ರಯತ್ನದಿಂದ ತಿದ್ದಬಹುದಾದ ೧೪ ಕಾರಣಗಳನ್ನು ಸರಿಪಡಿಸಿದರೆ ಲೋಕದಲ್ಲಿ ನೂರಕ್ಕೆ ೪೫ರಷ್ಟು ಮರೆಗುಳಿ ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಓದಿನ ಕೊರತೆ, ಕಿವುಡು, ಕಣ್ಣಿನ ದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮಿತಿಮೀರಿದ ಕುಡಿತ, ತಲೆಗೆ ಪೆಟ್ಟು, ಮನಸ್ಸಿನ ಕುಗ್ಗು, ಒಂಟಿತನ, ಹೊಗೆ ತುಂಬಿದ ಗಾಳಿ, ಮೈಗಳ್ಳತನ, ಬೊಜ್ಜು, ರಕ್ತದ ಕೊಬ್ಬು. ಈ ಹದಿನಾಲ್ಕರಲ್ಲಿ ತಾಮ್ರವಿಲ್ಲ, ಕಬ್ಬಿಣವಿಲ್ಲ, ಅಲ್ಯೂಮಿನಿಯಂ ಪಾತ್ರೆಯೂ ಇಲ್ಲ. ರಕ್ತದೊತ್ತಡದ ಗುಳಿಗೆಯನ್ನು ಬೇಕಾದಾಗ ನುಂಗಿ ಬೇಡವಾದಾಗ ಬಿಡುವ ಯಜಮಾನರು ಮೈಲುತುತ್ತಕ್ಕೆ ಹೆದರುವುದನ್ನು ಕಂಡರೆ ನಗು ಬರುತ್ತದೆ, ಬೇಸರವೂ ಆಗುತ್ತದೆ.

ನಮ್ಮ ದೇಶದಲ್ಲಿ ೬೦ ದಾಟಿದವರಲ್ಲಿ ನೂರಕ್ಕೆ ೭.೪ ಮಂದಿಗೆ, ಒಟ್ಟು ಸುಮಾರು ೮೮ ಲಕ್ಷ ಜನರಿಗೆ ಮರೆಗುಳಿ ಕಾಯಿಲೆ ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜು. ಅಂದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಇಲ್ಲ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಹೆಸರು ಥಟ್ಟನೆ ನೆನಪಾಗದಿರುವುದು ಕಾಯಿಲೆಯಲ್ಲ. ಕೇಳಿದ್ದನ್ನೇ ಐದು ನಿಮಿಷಕ್ಕೊಮ್ಮೆ ಕೇಳುವುದು, ನಲವತ್ತು ವರ್ಷ ಓಡಾಡಿದ ತೋಟದಲ್ಲಿ ದಾರಿ ತಪ್ಪುವುದು, ಮೂಟೆಯ ಲೆಕ್ಕ ಮಾಡಲಾಗದಿರುವುದು, ಶಾಂತ ಸ್ವಭಾವದವರು ಕಾರಣವಿಲ್ಲದೆ ಮನೆಯವರ ಮೇಲೆ ಕಳ್ಳತನದ ಅನುಮಾನ ಪಡುವುದು, ಇವು ಕಂಡರೆ ತಡಮಾಡಬಾರದು.

ಹಾಗೆ ತೋರಿಸಿದ ಎಲ್ಲರದೂ ಆಲ್ಜೈಮರ್ ಆಗಿರುವುದಿಲ್ಲ. ಬಿ-೧೨ ಜೀವಸತ್ವದ ಕೊರತೆಯಿಂದ ಮರೆವು ಬರುತ್ತದೆ, ಸಸ್ಯಾಹಾರಿಗಳಲ್ಲಿ ಇದು ಹೆಚ್ಚು, ಚುಚ್ಚುಮದ್ದು ಕೊಟ್ಟರೆ ಸರಿಹೋಗಬಹುದು. ಥೈರಾಯಿಡ್ ಗ್ರಂಥಿ ಮಂದವಾದರೂ ಬರುತ್ತದೆ, ಅದಕ್ಕೆ ದಿನಕ್ಕೊಂದು ಗುಳಿಗೆ. ತೋಟದಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾದವರಿಗೆ ವಾರಗಳ ಮೇಲೆ ಬುರುಡೆಯೊಳಗೆ ರಕ್ತ ಕಟ್ಟಿ ಮಂಕು ಕವಿಯುವುದುಂಟು, ಶಸ್ತ್ರಚಿಕಿತ್ಸೆಯಿಂದ ಎದ್ದು ನಡೆದವರಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಮಾತು ಬಿಟ್ಟವರದು ಮರೆವಲ್ಲ, ಕೊರಗು. ಕಿವಿ ಕೇಳದವರನ್ನು ಮರೆಗುಳಿಯೆಂದು ತಿಳಿಯುವ ಮನೆಗಳು ಕಡಿಮೆಯೇನಲ್ಲ. ಕಿವಿಯ ಪರೀಕ್ಷೆಗೆ ದೇಶದ ಬೇರೆಡೆಯವರೆಲ್ಲ ಹುಡುಕಿಕೊಂಡು ಬರುವ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ, ನಮಗೆ ಬೆಳಗಿನ ಬಸ್ಸಿನ ದಾರಿ. ಜಗುಲಿಯ ಮೇಲೆ ಕೂರಿಸಿದ ಆ ಯಜಮಾನರಿಗೆ ಇವುಗಳಲ್ಲಿ ಯಾವುದಿದೆಯೋ ನೋಡಿದವರು ಯಾರು? ಓದು ಬಾರದವರ ನೆನಪನ್ನು ಪರೀಕ್ಷಿಸುವ ಕ್ರಮವೂ ವೈದ್ಯರಲ್ಲಿದೆ. ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆ ಸೇರಿ ೨೦೨೨ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಬಗ್ಗೆ ವಿಚಾರಿಸಿರಿ. ಹೋಗುವಾಗ ತಿನ್ನುತ್ತಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಕೊಂಡೊಯ್ಯಿರಿ, ಯಾವ ಯಾವ ಔಷಧಿಯನ್ನು ಎಷ್ಟು ವರ್ಷ ಹೊಡೆದಿದ್ದಾರೆಂಬುದನ್ನೂ ಬರೆದುಕೊಂಡು ಹೋಗಿರಿ.

ಸರ್ಕಾರ ಮತ್ತು ಸಂಶೋಧನಾಲಯಗಳಿಗೂ ಒಂದು ಬೇಡಿಕೆ ಇದೆ. ಫ್ರಾನ್ಸಿನ ಕೂಲಿಯವರ ಲೆಕ್ಕದಿಂದ ನಮ್ಮವರ ಗತಿ ಊಹಿಸುತ್ತ ಕೂರುವುದು ಸಾಲದು. ಕೊಡಗು, ಮಲೆನಾಡು, ನಮ್ಮ ಈ ಅಂಚಿನ ತಾಲ್ಲೂಕುಗಳಲ್ಲಿ ವರ್ಷಕ್ಕೆ ಎರಡು ಮೂರು ಸಲ ಬೋರ್ಡೋ ಹೊಡೆಯುವವರನ್ನು ಪಟ್ಟಿಮಾಡಿ ಅವರ ಉಸಿರು, ರಕ್ತ, ನೆನಪು ಮೂರನ್ನೂ ಹತ್ತು ವರ್ಷ ಹಿಂಬಾಲಿಸಿ ನೋಡಬೇಕು. ಮೈಸೂರಿಗೆ ಇಂಥ ತಾಳ್ಮೆ ಹೊಸದಲ್ಲ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು ೧೯೩೪ರಿಂದ ಬರೆದಿಟ್ಟ ಹೆರಿಗೆಯ ದಾಖಲೆಗಳನ್ನು ಹಿಡಿದು, ಅಂದು ಹುಟ್ಟಿದ ಕೂಸುಗಳನ್ನು ಮುದುಕರಾದ ಮೇಲೆ ಹುಡುಕಿ ಅವರ ನೆನಪನ್ನು ಪರೀಕ್ಷಿಸಿದ್ದಾರೆ. ಕಾಫಿ ಮಂಡಳಿಯೂ ಅಡಿಕೆಯ ಸಂಶೋಧಕರೂ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಔಷಧಿ ಹೊಡೆಯುವವರಲ್ಲಿ ಬಹುಪಾಲು ತೋಟದ ಒಡೆಯರಲ್ಲ, ಕೂಲಿಯವರು. ಅವರನ್ನು ಬಿಟ್ಟು ಮಾಡಿದ ಲೆಕ್ಕ ಲೆಕ್ಕವಲ್ಲ.

ಸಂಘದ ಮಟ್ಟಿಗೆ ನಾವು ಮಾಡಬಹುದಾದದ್ದನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತಿದ್ದೇವೆ. ಮಳಿಗೆಯಲ್ಲಿ ಮೈಲುತುತ್ತದ ಚೀಲದ ಜೊತೆಗೇ ಕೈಗವಸು, ಕನ್ನಡಕ, ಮುಸುಕು ಅಸಲು ಬೆಲೆಗೆ ಸಿಗಬೇಕು, ಕೂಲಿಯವರಿಗೂ ಸೇರಿಸಿ ಕೊಳ್ಳುವಂತೆ ಸದಸ್ಯರಿಗೆ ಹೇಳಬೇಕು. ಮಹಾಸಭೆಯ ದಿನ ರಕ್ತದೊತ್ತಡ, ಸಕ್ಕರೆ, ಕಿವಿ ನೋಡುವವರನ್ನು ಕರೆಸಬೇಕು. ಸಿಹಿಯೂಟಕ್ಕೆ ಮುಂಚೆ ಎಂಬುದು ನಮ್ಮ ಸಲಹೆ! ಇನ್ನೊಂದು ಸ್ವಲ್ಪ ಸೂಕ್ಷ್ಮದ್ದು. ಹಿರಿಯ ಸದಸ್ಯರಿಗೆ ನೆನಪು ಮಾಸುತ್ತಿರುವುದು ಕಂಡಾಗ ಸಾಲದ ಕಾಗದಕ್ಕೆ, ಜಾಮೀನಿಗೆ ಅವರೊಬ್ಬರದೇ ರುಜು ಹಾಕಿಸಿಕೊಳ್ಳಬಾರದು. ತಿಳಿವಳಿಕೆ ಇಲ್ಲದ ಸ್ಥಿತಿಯಲ್ಲಿ ಮಾಡಿದ ಕರಾರು ೧೮೭೨ರ ಕರಾರು ಕಾಯಿದೆಯ ಪ್ರಕಾರವೂ ನಿಲ್ಲುವುದಿಲ್ಲ. ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಬೇಕು. ಕಂತು ಕಟ್ಟಲು ಮರೆತ ಅಂಥವರ ಹೆಸರನ್ನು ಸುಸ್ತಿದಾರರ ಪಟ್ಟಿಯಲ್ಲಿ ಗೋಡೆಗೆ ಅಂಟಿಸುವ ಮುಂಚೆ ಒಬ್ಬ ನಿರ್ದೇಶಕರಾದರೂ ಅವರ ಮನೆಗೆ ಹೋಗಿಬರಬೇಕು. ಈ ಕೊನೆಯದಕ್ಕೆ ಮಂಡಳಿಯಲ್ಲಿ ಎರಡು ಅಭಿಪ್ರಾಯ ಬರಬಹುದು. ಸದಸ್ಯರು ತಮ್ಮ ಅಭಿಪ್ರಾಯವನ್ನು ಮಹಾಸಭೆಗೆ ಮುಂಚಿತವಾಗಿ ಕಾಗದದಲ್ಲಿ ಬರೆದು ಕಚೇರಿಗೆ ತಲುಪಿಸಬೇಕಾಗಿ ವಿನಂತಿ.